ಮಕ್ಕಳನ್ನು ಬಿಟ್ಟರಷ್ಟೇ ಬಡ್ತಿ

ಮೂರು ವರ್ಷದ ಮಕ್ಕಳಿಗೆ ಕಲಿಸಲು ವಿಶೇಷ ವಿದ್ಯೆಯೇನೂ ಬೇಡ, ತಾಳ್ಮೆಯೊಂದಿದ್ದರೆ ಸಾಕು ಎಂಬ ಮಾತು ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದಂತಹ ಸುಶಿಕ್ಷಿತ ಬಡಾವಣೆಗಳಲ್ಲಿಯೂ ಪ್ರಶ್ನೆಯಿಲ್ಲದೆ ಸಲ್ಲುತ್ತದೆ. ಈ ಅಭಿಪ್ರಾಯ ತಪ್ಪು ಮಾತ್ರವಲ್ಲ, ಶಿಶುಶಿಕ್ಷಕಿಯ ವೃತ್ತಿಯು ಮೇಲೇರದಂತೆ ತಡೆದಿರುವುದೂ ಇದೇ.

ಎಣಿಕೆಯನ್ನೇ ನೋಡಬಹುದು. ಹತ್ತರವರೆಗೆ ತಡೆಯಿಲ್ಲದೆ ಒಪ್ಪಿಸುವ ಮಗುವಿನ ಮುಂದೆ ಏಳು ಹುಣಸೆಬೀಜಗಳನ್ನಿಟ್ಟರೆ, ಬಾಯಿ ಮುಂದೋಡಿ ಬೆರಳು ಹಿಂದುಳಿಯುತ್ತದೆ, ಒಂದೇ ಬೀಜಕ್ಕೆ ಎರಡು ಸಂಖ್ಯೆಗಳು ಬೀಳುತ್ತವೆ. ಇನ್ನೊಂದು ಮಗು ತಪ್ಪಿಲ್ಲದೆ ಎಣಿಸಿದರೂ, ಒಟ್ಟು ಎಷ್ಟೆಂದು ಕೇಳಿದೊಡನೆ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ಮೊದಲ ಮಗುವಿಗೆ ಒಂದಕ್ಕೊಂದು ಹೊಂದಿಕೆ, ಅಂದರೆ ಪ್ರತಿ ವಸ್ತುವಿಗೂ ಒಂದೇ ಸಂಖ್ಯೆಯೆಂಬ ತಿಳಿವು ಬಂದಿಲ್ಲ. ಎರಡನೆಯದಕ್ಕೆ ಕೊನೆಯ ಸಂಖ್ಯೆಯೇ ಇಡೀ ಗುಂಪಿನ ಮೊತ್ತವೆಂಬುದು ಹೊಳೆದಿಲ್ಲ. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವ ಮಕ್ಕಳೂ ಕುಳಿತಿರುವ ಕೋಣೆಯಲ್ಲಿ ಈ ವ್ಯತ್ಯಾಸವನ್ನು ಗುರುತಿಸಿ ಇಬ್ಬರಿಗೂ ಬೇರೆ ಬೇರೆ ಆಟ ಹೂಡುವುದು ಕಲಿತು ಪಳಗಿದವರಿಗಷ್ಟೇ ಸಾಧ್ಯ. ಇದನ್ನು ತಾಯ್ತನದ ಸಹಜಗುಣವೆಂದು ಹೊಗಳುವವರು ಸಂಬಳದ ಪ್ರಶ್ನೆಯಿಂದ ನುಣುಚಿಕೊಳ್ಳುತ್ತಾರೆ.

1975ರ ಅಕ್ಟೋಬರ್ 2ರಂದು ಆರಂಭವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಮಕ್ಕಳ ತೂಕ, ಪೂರಕ ಆಹಾರ, ಲಸಿಕೆಯ ನೆನಪು, ದಾಖಲೆಪುಸ್ತಕ, ಪೋಷಣ್ ಟ್ರ್ಯಾಕರ್ ಆ್ಯಪ್‌ಗಳ ನಡುವೆ ಅಂಗನವಾಡಿ ಕಾರ್ಯಕರ್ತೆ ಪಾಠಕ್ಕೆ ಹೊತ್ತು ಹುಡುಕಬೇಕು. ಅವಳಿಗೆ ಸಿಗುವುದು ಗೌರವಧನ. ಅವಳದು ನಾಗರಿಕ ಸೇವಾಹುದ್ದೆಯಲ್ಲವೆಂದು 2006ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿಯವರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದಿತು. ಬಡ್ತಿ ಬಯಸಿದರೆ ಮೇಲ್ವಿಚಾರಕಿಯಾಗಬೇಕು. ಖಾಸಗಿ ನರ್ಸರಿಯವಳು ಡಿ.ಎಲ್.ಎಡ್. ಮುಗಿಸಿ ಪ್ರಾಥಮಿಕ ಶಾಲೆಗೆ ಹೋಗಬೇಕು. ಎರಡೂ ದಾರಿಗಳು ಪಳಗಿದ ಶಿಕ್ಷಕಿಯನ್ನು ಮಕ್ಕಳಿಂದ ದೂರ ಒಯ್ಯುತ್ತವೆ.

ಇಷ್ಟು ಕೌಶಲ ಬೇಕೆಂದು ಪದವಿಯನ್ನು ಕಡ್ಡಾಯಗೊಳಿಸಿದರೆ ಓಣಿಯ ಭಾಷೆಯನ್ನೂ ಮನೆಗಳ ಕಷ್ಟವನ್ನೂ ಬಲ್ಲ ಸ್ಥಳೀಯ ಮಹಿಳೆಯರೇ ಹೊರಬೀಳುತ್ತಾರೆ ಎಂಬ ಆಕ್ಷೇಪ ಗಂಭೀರವಾದದ್ದು. ಅಂಥವರನ್ನು ಕಳೆದುಕೊಂಡರೆ ಯಾವ ಪ್ರಮಾಣಪತ್ರವೂ ಆ ನಷ್ಟವನ್ನು ತುಂಬಿಕೊಡದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿಯನ್ನು ಸೂಚಿಸಿರುವುದು ಈ ದೃಷ್ಟಿಯಿಂದ ಸರಿಯಾಗಿದೆ. ಆದರೆ ತರಬೇತಿ ಮುಗಿಸಿ ಅದೇ ಕೋಣೆಗೆ ಮರಳುವವಳಿಗೆ ವೇತನಶ್ರೇಣಿಯೂ ಏರಬೇಕು. ಹತ್ತು ವರ್ಷ ಪಳಗಿದವಳಿಗೆ ಹೊಸಬರನ್ನು ತರಬೇತುಗೊಳಿಸುವ ಹೊಣೆಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟು, ದಿನದ ಅರ್ಧಭಾಗವನ್ನಾದರೂ ಮಕ್ಕಳೊಂದಿಗೇ ಉಳಿಸಬೇಕು. ಶಿಕ್ಷಕ ತರಬೇತಿಯ ದೀರ್ಘ ಪರಂಪರೆಯಿರುವ ಧಾರವಾಡದಲ್ಲಿ ಇದನ್ನು ಮೊದಲು ಆರಂಭಿಸಲು ಯಾವ ಅಡ್ಡಿಯೂ ಇಲ್ಲ.