ಹೆಪಟೈಟಿಸ್ ಬಿ ಮಾತ್ರೆ: ಅಡ್ಡಪರಿಣಾಮದ ಮಾತು ಯಾರು ಹೇಳಬೇಕು?

ಹೆಪಟೈಟಿಸ್ ಬಿಗೆ ವರ್ಷಗಟ್ಟಲೆ ಮಾತ್ರೆ ನುಂಗುವವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಊರವರಿಗೆ ಗೊತ್ತಾಗಬಾರದು ಅಂತ ಡಬ್ಬಿಯನ್ನು ಬಟ್ಟೆ ನಡುವೆ ಅಡಗಿಸಿಡುತ್ತಾರೆ. ಮಾತಿಗೆ ಸಿಕ್ಕಾಗ ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ‘ಇದು ಭಾರೀ ಪವರ್ ಮಾತ್ರೆಯಂತೆ, ಒಳಗೆಲ್ಲ ಹಾಳು ಮಾಡುತ್ತಂತೆ, ಬಿಟ್ಟುಬಿಡ್ಲಾ?’

ಬಿಡಬೇಡಿ. ಆದರೆ ಈ ಭಯವನ್ನು ‘ತಿಳಿವಳಿಕೆ ಇಲ್ಲದ ಜನ’ ಅಂತ ತಳ್ಳಿಹಾಕುವುದನ್ನೂ ನಾವು ಒಪ್ಪುವುದಿಲ್ಲ. ಯಾಕೆಂದರೆ ಅದಕ್ಕೆ ಆಧಾರ ಇದೆ.

1993ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಫಿಯಾಲುರಿಡಿನ್ ಎಂಬ ಹೊಸ ಔಷಧಿಯನ್ನು ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಕೊಟ್ಟು ನೋಡಿದರು. ವೈರಸ್ ಇಳಿಯಿತು. ಆದರೆ ಕೆಲವು ವಾರ ಕಳೆಯುತ್ತಲೇ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, 7 ಜನರ ಲಿವರ್ ಕೈಕೊಟ್ಟಿತು. ಮಾತ್ರೆ ನಿಲ್ಲಿಸಿದರೂ ಹಾನಿ ನಿಲ್ಲಲಿಲ್ಲ. 5 ಜನ ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಪ್ರಾಣಿಗಳ ಮೇಲೆ ಮಾಡಿದ್ದ ಪರೀಕ್ಷೆಯಲ್ಲಿ ಇದರ ಸುಳಿವೇ ಸಿಕ್ಕಿರಲಿಲ್ಲ.

ಆಗಿದ್ದು ಇಷ್ಟು. ವೈರಸ್ ತನ್ನ ಡಿಎನ್‌ಎಯನ್ನು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟಂತೆ ಕಟ್ಟಿಕೊಳ್ಳುತ್ತದೆ. ಈ ಜಾತಿಯ ಔಷಧಿಗಳು ನಕಲಿ ಇಟ್ಟಿಗೆಗಳು. ಇವು ಸೇರಿಕೊಂಡರೆ ವೈರಸ್ಸಿನ ಕಟ್ಟಡ ಕೆಡುತ್ತದೆ. ನಮ್ಮ ಜೀವಕೋಶದೊಳಗೆ ಮೈಟೋಕಾಂಡ್ರಿಯ ಅಂತ ಇದೆ, ದೇಹಕ್ಕೆ ಶಕ್ತಿ ಒದಗಿಸುವ ಪುಟ್ಟ ಮೋಟಾರು ಅನ್ನಿ. ಅದಕ್ಕೂ ತನ್ನದೇ ಸ್ವಲ್ಪ ಡಿಎನ್‌ಎ ಇದೆ. ಫಿಯಾಲುರಿಡಿನ್ ಅಲ್ಲಿಗೂ ನುಗ್ಗಿತು. ಮೋಟಾರು ಕೆಟ್ಟಿತು.

ಈಗ ಕೊಡುವ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳೂ ನಕಲಿ ಇಟ್ಟಿಗೆಗಳೇ. ಆದರೆ ಇವು ಮೈಟೋಕಾಂಡ್ರಿಯದ ಡಿಎನ್‌ಎಗೆ ಸೇರುವುದು ತೀರಾ ಕಡಿಮೆ. ಲಕ್ಷಾಂತರ ಜನ ವರ್ಷಾನುಗಟ್ಟಲೆ ನುಂಗಿ ಚೆನ್ನಾಗಿದ್ದಾರೆ. ಹಾಗಿದ್ದರೂ ಲ್ಯಾಕ್ಟಿಕ್ ಆಮ್ಲದ ಎಚ್ಚರಿಕೆ ಇವುಗಳ ಚೀಟಿಯಲ್ಲೂ ಇದೆ. ಅಪರೂಪ ನಿಜ, ಆದರೆ ಲಿವರ್ ಆಗಲೇ ತೀರಾ ಹದಗೆಟ್ಟವರು ಹುಷಾರಾಗಿರಬೇಕು. ಟೆನೊಫೊವಿರ್‌ನ ಹಳೆಯ ಬಗೆ ಕಿಡ್ನಿಗೂ ಮೂಳೆಗೂ ತೊಂದರೆ ಕೊಡಬಹುದು.

ನಮ್ಮ ತಕರಾರು ಇಲ್ಲಿದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧಿ ಪುಕ್ಕಟೆ ಸಿಗುತ್ತದೆ, ಒಳ್ಳೆಯದೇ. ಆದರೆ ನಾವು ಕಂಡ ಚೀಟಿಗಳೆಲ್ಲ ಇಂಗ್ಲಿಷ್, ಅದೂ ಇರುವೆ ಸಾಲಿನಂಥ ಅಕ್ಷರ. ಬಾಯಲ್ಲಿ ಹೇಳುವುದು ‘ದಿನಾ ಒಂದು’ ಅಷ್ಟೇ. ಹೇಳುವವರು ಹೇಳದಿದ್ದಾಗ ಬಸ್ ಸ್ಟ್ಯಾಂಡಿನ ಮಾತು, ವಾಟ್ಸಾಪ್ ಮಾತು ಗೆಲ್ಲುತ್ತವೆ. ಮಾತ್ರೆ ಬಿಟ್ಟು ಕಾಮಾಲೆಯ ನಾಟಿ ಔಷಧಿಗೆ ಹೋಗುತ್ತಾರೆ. ತಟ್ಟನೆ ನಿಲ್ಲಿಸಿದರೆ ಅದುಮಿಟ್ಟ ವೈರಸ್ ಮತ್ತೆ ಎದ್ದು ಲಿವರ್ ಸೋಲಬಹುದು, ಜೀವವೇ ಹೋಗಬಹುದು. ಮಾತ್ರೆ ನುಂಗುವುದಕ್ಕಿಂತ ಹೇಳದೆ ಕೇಳದೆ ಬಿಡುವುದೇ ಬಹಳ ಜನರಿಗೆ ದೊಡ್ಡ ಅಪಾಯ. ಇದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಅರ್ಧ ಪುಟ ಅಚ್ಚು ಹಾಕಿಸಲು ಎಷ್ಟು ದುಡ್ಡು ಬೇಕು?

ಕಾರಣವಿಲ್ಲದೆ ವಿಪರೀತ ಸುಸ್ತು, ಮಾಂಸಖಂಡದ ನೋವು, ವಾಕರಿಕೆ, ಹೊಟ್ಟೆನೋವು, ಏದುಸಿರು ಬಂದರೆ ‘ಕೆಲಸ ಜಾಸ್ತಿ ಆಯ್ತು’ ಅಂತ ಮಲಗಬೇಡಿ. ಮಾತ್ರೆಯ ಡಬ್ಬಿ ಸಮೇತ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬದಲಿಸಬೇಕೋ ಬೇಡವೋ ಅವರು ನೋಡುತ್ತಾರೆ. ಎಲ್ಲ ಸರಿಯಿದ್ದರೂ ಮುಂದಿನ ಸಲ ಮಾತ್ರೆ ತರಲು ಹೋದಾಗ ಎರಡು ಮಾತು ಕೇಳಿಕೊಂಡು ಬನ್ನಿ: ನನ್ನ ಕ್ರಿಯಾಟಿನಿನ್ ಎಷ್ಟಿದೆ, ಮುಂದಿನ ರಕ್ತಪರೀಕ್ಷೆ ಯಾವಾಗ?