ಮಲಾವಿಯ ಮಕ್ಕಳ ಹಸಿವಿಗೆ ಮಳೆಯೊಂದೇ ಹೊಣೆಯಲ್ಲ

ಆಫ್ರಿಕಾದ ಹಳ್ಳಿಮಕ್ಕಳ ಹಸಿವಿನ ಮಾತು ಬಂದಾಗಲೆಲ್ಲ ಅವೇ ಕೆಲವು ವಾದಗಳು ಎದುರಾಗುತ್ತವೆ. ಮಲಾವಿಯ ದಾಖಲೆ ಮುಂದಿಟ್ಟುಕೊಂಡು ಅವನ್ನು ಪರೀಕ್ಷಿಸೋಣ, ತೀರ್ಪು ಓದುಗರದು.

ಮಳೆ ಮುನಿದರೆ ಯಾರೇನು ಮಾಡಲಾದೀತು ಎನ್ನುವುದು ಮೊದಲ ವಾದ. 2001ರಲ್ಲಿ ಪ್ರವಾಹಕ್ಕೆ ಸಿಕ್ಕಿ ಮೆಕ್ಕೆಜೋಳದ ಬೆಳೆ ಕೆಟ್ಟದ್ದು ನಿಜ. ಆದರೆ ಅಂಥ ವರ್ಷಕ್ಕೆಂದೇ ಕೂಡಿಟ್ಟಿದ್ದ ಸರ್ಕಾರಿ ದಾಸ್ತಾನಿನಿಂದ ಸುಮಾರು 1,67,000 ಟನ್ ಆಗಲೇ ಮಾರಾಟವಾಗಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಲಹೆಯಂತೆ ಮಾರಿದೆವೆಂದು ಸರ್ಕಾರ ಹೇಳಿತು. ದಾಸ್ತಾನನ್ನು 30ರಿಂದ 60 ಸಾವಿರ ಟನ್ನಿಗೆ ಇಳಿಸಬೇಕೆಂದಷ್ಟೇ ಸಲಹೆಯಿತ್ತು, ಪೂರ್ತಿ ಬರಿದು ಮಾಡಲು ಅಲ್ಲ ಎಂದಿತು ನಿಧಿ. ಯಾರ ಮಾತನ್ನು ಒಪ್ಪಿದರೂ ಉಗ್ರಾಣ ಖಾಲಿ ಮಾಡಿದ್ದು ಮಳೆಯಲ್ಲ. ಇನ್ನೂ ಒಂದಿದೆ. 1998ರಿಂದ ಎರಡು ಹಂಗಾಮು ಸುಮಾರು 28 ಲಕ್ಷ ರೈತ ಕುಟುಂಬಗಳಿಗೆ ಬೀಜ, ಗೊಬ್ಬರ ಉಚಿತವಾಗಿ ಸಿಕ್ಕಿತ್ತು, ಎರಡೂ ಸುಗ್ಗಿ ಸಮೃದ್ಧವಾಗಿದ್ದವು. ಮೂರನೆಯ ಹಂಗಾಮಿಗೆ ದಾನಿಗಳ ಒತ್ತಡಕ್ಕೆ ಮಣಿದು ಫಲಾನುಭವಿ ಕುಟುಂಬಗಳ ಪಟ್ಟಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲಾಯಿತು. ಕ್ಷಾಮ ಬಂದದ್ದು ಅದರ ಬೆನ್ನಿಗೇ. ಮಳೆಯನ್ನು ದೂರುವವರು ಈ ಎರಡು ತೀರ್ಮಾನಗಳ ಬಗ್ಗೆ ಬಾಯಿ ಬಿಡುವುದಿಲ್ಲ.

ಮಳೆಯನ್ನು ದೂರಿದ ಅದೇ ಬಾಯಿ ಮರುಕ್ಷಣ ರೈತನನ್ನು ದೂರುತ್ತದೆ: ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರಂತೆ. ಹಾಗೆನ್ನುವವರು 'ಗನ್ಯು' ಏನೆಂದು ತಿಳಿದುಕೊಳ್ಳಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹಳೆಯ ಜೋಳ ಮುಗಿದು ಹೊಸದು ಕೈಸೇರದ ತಿಂಗಳುಗಳಲ್ಲಿ, ಬಡ ಕುಟುಂಬ ಅಂದಂದಿನ ಊಟಕ್ಕಾಗಿ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತದೆ. ಸ್ವಂತ ಹೊಲದ ಕಳೆ ಕೀಳಬೇಕಾದ ಕಾಲವೂ ಅದೇ. ತಾಯಿ ಪರರ ಹೊಲದಲ್ಲಿ ಬಗ್ಗಿರುವಾಗ ಮನೆಯ ಪೈರು ಕಳೆಯಲ್ಲಿ ಮುಚ್ಚಿಹೋಗುತ್ತದೆ, ಮುಂದಿನ ಸುಗ್ಗಿ ಇನ್ನಷ್ಟು ಕುಗ್ಗುತ್ತದೆ, ಮಗುವಿನ ಹಸಿವು ಇನ್ನೂ ಒಂದು ತಿಂಗಳು ಮುಂಚಿತವಾಗಿ ಶುರುವಾಗುತ್ತದೆ. ಪರಾವಲಂಬನೆಯನ್ನು ಹುಟ್ಟಿಸುತ್ತಿರುವುದು ಹಸಿವು. ಆ ತಿಂಗಳುಗಳಲ್ಲಿ ಒಂದು ಚೀಲ ಜೋಳ ಸಿಕ್ಕರೆ ಆಕೆ ತನ್ನ ಹೊಲದಲ್ಲೇ ದುಡಿಯಬಲ್ಲಳು.

ಹೆಚ್ಚು ಹೆತ್ತದ್ದೇ ತಪ್ಪು ಎನ್ನುವವರಿಗೆ ಅಂಕಿಗಳೇ ಸಾಕು. 2008ರಲ್ಲಿ ಸುಮಾರು 1.3 ಕೋಟಿ ಇದ್ದ ಜನಸಂಖ್ಯೆ 2018ಕ್ಕೆ 1.75 ಕೋಟಿ ದಾಟಿತು. ಅದೇ ಅವಧಿಯಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳ ಪ್ರಮಾಣ ಶೇ. 47ರಿಂದ (2010) ಶೇ. 37ಕ್ಕೆ (2015-16) ಇಳಿಯಿತು. ಶೇ. 37 ಕೂಡ ಘೋರವೇ. ಆದರೆ ಜನ ಹೆಚ್ಚಿದಷ್ಟೂ ಮಕ್ಕಳು ಸೊರಗಲೇಬೇಕೆಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಕೊನೆಗೆ ಮಾರುಕಟ್ಟೆಯ ವಾದ: ಊಟ ಹಂಚಿದರೆ ವ್ಯಾಪಾರ ಕೆಡುತ್ತದೆ. 2002ರ ಆರಂಭದಲ್ಲಿ ಜೋಳದ ಬೆಲೆ ಹಲವು ಪಟ್ಟು ಏರಿತ್ತು. ಮಾರುಕಟ್ಟೆ ಯಾವ ಬಡ ಮಗುವಿನ ತಟ್ಟೆ ತುಂಬಿಸಿತು? ಅದೇ ವರ್ಷ ಮೇರೀಸ್ ಮೀಲ್ಸ್ ಸಂಸ್ಥೆ ಮಲಾವಿಯ ಶಾಲಾಮಕ್ಕಳಿಗೆ ಊಟ ಕೊಡತೊಡಗಿತು. ಅಲ್ಲಿ ಬಡಿಸುವ 'ಲಿಕುನಿ ಫಾಲಾ' ಗಂಜಿ ಮೆಕ್ಕೆಜೋಳ, ಸೋಯಾದ್ದು. ಎರಡೂ ಮಲಾವಿಯಲ್ಲೇ ಬೆಳೆಯುವಂಥವು. ಅಲ್ಲಿನ ರೈತರಿಂದ ಕೊಂಡು ಅಲ್ಲಿನ ಮಕ್ಕಳಿಗೆ ಬಡಿಸಿದರೆ ಕೆಡುವ ವ್ಯಾಪಾರ ಯಾವುದು, ಯಾರದು? ಇದಕ್ಕೆ ಉತ್ತರ ಕೊಡದೆ ಗಂಜಿ ನಿಲ್ಲಿಸಿ ಎನ್ನುವ ಹಕ್ಕು ಅವರಿಗಿಲ್ಲ.