ಪಂಡಿತರ ಮನ್ನಣೆ ಮತ್ತು ಇಗರ್ಜಿಯ ಲೆಕ್ಕಪುಸ್ತಕ

ಇತಿಹಾಸ, ಭಾಷೆ, ತತ್ವಶಾಸ್ತ್ರಗಳ ವಿದ್ವಾಂಸರಿಗೆ ಇಂಗ್ಲೆಂಡಿನಲ್ಲಿ ಸಲ್ಲುವ ಗೌರವಗಳಲ್ಲಿ ಬ್ರಿಟಿಷ್ ಅಕಾಡೆಮಿಯ ಫೆಲೋ ಆಗಿ ಚುನಾಯಿತರಾಗುವುದು ಬಹು ದೊಡ್ಡದು. 1902ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಅರ್ಜಿ ಹಾಕಿ ಸೇರುವಂತಿಲ್ಲ. ಈಗಾಗಲೇ ಫೆಲೋಗಳಾಗಿರುವ ಪಂಡಿತರೇ ಹೆಸರು ಸೂಚಿಸಿ ಆರಿಸುತ್ತಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಡಿಯರ್ಮಿಡ್ ಮೆಕಲಕ್ 2001ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಈಮನ್ ಡಫಿ 2004ರಲ್ಲಿ ಹೀಗೆ ಆಯ್ಕೆಯಾದರು. ಇಬ್ಬರೂ ಹದಿನಾರನೆಯ ಶತಮಾನದ ಧರ್ಮಸುಧಾರಣೆಯನ್ನು ಕುರಿತು ಬರೆದವರು. ಮೆಕಲಕ್ ಆಂಗ್ಲಿಕನ್ ಸಭೆಯಲ್ಲಿ ಬೆಳೆದವರಾದರೆ, ಡಫಿ ಐರ್ಲೆಂಡಿನಲ್ಲಿ ಹುಟ್ಟಿದ ಕಥೋಲಿಕರು. ಒಂದೇ ಕಾಲವನ್ನು ಬೇರೆ ಬೇರೆ ಬಗೆಯಲ್ಲಿ ಕಂಡ ಇಬ್ಬರನ್ನೂ ಒಂದೇ ಸಂಸ್ಥೆ ಬರಮಾಡಿಕೊಂಡದ್ದು ನಮಗೆ ಮೆಚ್ಚಿಗೆಯಾದ ಸಂಗತಿ.

ಡಫಿಯವರ ಹೆಸರಾಂತ ಕೃತಿಗಳಲ್ಲಿ ಒಂದು 2001ರಲ್ಲಿ ಪ್ರಕಟವಾದ 'ದ ವಾಯ್ಸಸ್ ಆಫ್ ಮೋರ್‌ಬಾತ್'. ಮೋರ್‌ಬಾತ್ ಎಂಬುದು ಡೆವನ್ ಪ್ರಾಂತ್ಯದ, ಆ ಕಾಲಕ್ಕೆ ಕೇವಲ 33 ಕುಟುಂಬಗಳಿದ್ದ, ಕುರಿ ಸಾಕಿ ಬದುಕುತ್ತಿದ್ದ ಬಡ ಹಳ್ಳಿ. ಅಲ್ಲಿಯ ಧರ್ಮಗುರು ಕ್ರಿಸ್ಟಫರ್ ಟ್ರಿಕಿ 1520ರಿಂದ 1574ರವರೆಗೆ ಆ ಇಗರ್ಜಿಯಲ್ಲಿ ಸೇವೆ ಸಲ್ಲಿಸಿದರು. ಅದರ ಜಮಾಖರ್ಚನ್ನು ತಪ್ಪದೆ ಬರೆದಿಟ್ಟರು. ಮೃತರ ಪೂಜೆಗೆ ಬೇಕಾದ ಕಪ್ಪು ಪೂಜಾವಸ್ತ್ರಕ್ಕಾಗಿ ಅವರು ಸುಮಾರು ಇಪ್ಪತ್ತು ವರ್ಷ ಕಾಸಿಗೆ ಕಾಸು ಕೂಡಿಸಿದರು. ಅದು ಕೈಸೇರುವ ಹೊತ್ತಿಗೆ ಆರನೆಯ ಎಡ್ವರ್ಡನ ಆಡಳಿತ ಮೃತರಿಗಾಗಿ ಮಾಡುವ ಪೂಜೆಯನ್ನೇ ನಿಲ್ಲಿಸಹೊರಟಿತ್ತು! 1549ರಲ್ಲಿ ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ಜನ ದಂಗೆಯೆದ್ದಾಗ, ಊರಿನ ಐವರು ಯುವಕರನ್ನು ದಂಗೆಯ ಶಿಬಿರಕ್ಕೆ ಕಳುಹಿಸಿದ ಖರ್ಚೂ ಆ ಪುಸ್ತಕದಲ್ಲಿದೆ. ಅರಸರ ಕಡತಗಳಲ್ಲಿ ಇಂಥ ಜನರ ಹೆಸರು ಎಲ್ಲಿ ಸಿಗಬೇಕು? ಕೇಂಬ್ರಿಜ್‌ನ ಪಂಡಿತರಿಗೆ ಸಂದ ಗೌರವದಲ್ಲಿ ಈ ಹಳ್ಳಿಯ ಗುರುವಿಗೂ ಪಾಲಿದೆಯೆಂದು ನಾವು ಭಾವಿಸುತ್ತೇವೆ.

ನಮ್ಮ ಇಗರ್ಜಿಗಳ ಕಪಾಟುಗಳಲ್ಲಿ ಏನಿದೆ? ಜ್ಞಾನಸ್ನಾನ, ವಿವಾಹ ಹಾಗೂ ಮರಣದ ದಾಖಲೆಗಳನ್ನು ಪ್ರತಿ ಧರ್ಮಕೇಂದ್ರವೂ ಇಡಬೇಕು, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಯಬೇಕು ಎಂದು 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿ ಹೇಳುತ್ತದೆ. ಸರ್ಟಿಫಿಕೇಟಿಗೆ ಬೇಕಾಗುವುದರಿಂದ ಇವು ಹೇಗೋ ಉಳಿದುಕೊಳ್ಳುತ್ತವೆ. ಆದರೆ ಸಂಘಗಳ ನಡಾವಳಿ ಪುಸ್ತಕ, ಹಬ್ಬದ ವಂತಿಗೆಯ ಪಟ್ಟಿ, ಕಟ್ಟಡದ ಲೆಕ್ಕಗಳ ಗತಿ ಬೇರೆ. ಸುಣ್ಣ ಬಳಿಯುವಾಗ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗುವುದು ಅಪರೂಪ. ಉಳಿದದ್ದು ಗೆದ್ದಲಿಗೆ ಅಥವಾ ಗುಜರಿ ಅಂಗಡಿಗೆ. ಶತಮಾನೋತ್ಸವ ಬಂದಾಗ ಮಾತ್ರ ಸ್ಮರಣ ಸಂಚಿಕೆಗಾಗಿ ಹುಡುಕಾಟ ಆರಂಭವಾಗುತ್ತದೆ, ಅದೂ ಹೆಚ್ಚಾಗಿ ಗಣ್ಯರ ಭಾವಚಿತ್ರಗಳಿಗೆ.

ಮಗಳು ಇತಿಹಾಸ ಓದುತ್ತೇನೆಂದರೆ ಕಳವಳಪಡುವ ತಂದೆತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಒಬ್ಬ ವಿದ್ಯಾರ್ಥಿನಿಗೆ ರಜೆಯ ದಿನಗಳಲ್ಲಿ ಈ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸವನ್ನು ವಹಿಸಿಕೊಡಬಾರದೇಕೆ? ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಯಾರಾದರೂ ಈ ಮಾತನ್ನೆತ್ತಲಿ. ತಗಲುವ ಖರ್ಚು ಒಂದು ಕಬ್ಬಿಣದ ಕಪಾಟಿನದಷ್ಟೆ.